ಎರಡು ಡೈಮಂಡ್ ಎಂದರೆ ಹಾರ್ಟ್

ಹೌದು, ನನಗೆ ಹೊಟ್ಟೆಕಿಚ್ಚು. ಮುಚ್ಚಿಟ್ಟು ಏನು ಮಾಡಲಿ? ಹದಿನೆಂಟು ವರ್ಷ ನನ್ನೆದುರು ಕೂತು ಇಸ್ಪೀಟಿನ ಬ್ರಿಜ್ ಆಡಿದ ಸ್ವಂತ ಅಕ್ಕ, ಮೂರು ತಿಂಗಳಿಂದ ಆ ಹಲ್ಲಿನ ಡಾಕ್ಟರ್ ಎದುರು ಕೂರುತ್ತಿದ್ದಾಳೆ. ಅವನೇನು ಮಹಾ ಆಟಗಾರನೇ? ಎಲೆ ಹಿಡಿಯುವುದು ನೋಡಿದರೆ ಸೆಕೆಗೆ ಗಾಳಿ ಬೀಸಿಕೊಳ್ಳುತ್ತಿದ್ದಾನೆ ಅನ್ನಬೇಕು.

ನಮ್ಮ ಜೋಡಿ ಮುರಿದದ್ದು ಒಂದೇ ಒಂದು ಒಪ್ಪಂದದ ದೆಸೆಯಿಂದ. ಬ್ರಿಜ್‌ನಲ್ಲಿ ಎದುರುಬದುರು ಕೂತವರು ಜೊತೆಗಾರರು. ಕೈಯಲ್ಲಿ ಏನಿದೆ ಎಂದು ಬಾಯಿಬಿಟ್ಟು ಹೇಳುವಂತಿಲ್ಲ, ಕೂಗಿನಲ್ಲೇ ತಿಳಿಸಬೇಕು. ಒಬ್ಬರು 'ಒಂದು ನೋ ಟ್ರಂಪ್' ಎಂದು ಶುರು ಮಾಡಿದರೆ, ಒಳ್ಳೆಯ ಎಲೆಗಳಿವೆ, ನಾಲ್ಕೂ ಬಣ್ಣ ಹದವಾಗಿ ಬಿದ್ದಿವೆ ಎಂದರ್ಥ. ಅದಕ್ಕೆ ಜೊತೆಗಾರ 'ಎರಡು ಡೈಮಂಡ್' ಎಂದರೆ ಅವನಲ್ಲಿ ಡೈಮಂಡ್ ಇದೆ ಎಂದಲ್ಲ; ಹಾರ್ಟ್ ಐದಾದರೂ ಇದೆ, ನೀನೇ ಹಾರ್ಟ್ ಕೂಗು ಎಂದು. ಮೊದಲು ಕೂಗಿದವರು ಕೂಡಲೇ ಎದುರಾಳಿಗಳಿಗೆ ಕೇಳುವಂತೆ 'ಟ್ರಾನ್ಸ್‌ಫರ್' ಎಂದು ಹೇಳಿ, ತಮ್ಮ ಸರದಿ ಬಂದಾಗ 'ಎರಡು ಹಾರ್ಟ್' ಅನ್ನಬೇಕು. ಇಷ್ಟೇ. ಇಷ್ಟನ್ನು ಅಕ್ಕ ಮರೆಯುತ್ತಿದ್ದಳು. ವರ್ಷಕ್ಕೆರಡು ಸಲವಾದರೂ 'ಪಾಸ್' ಎಂದು ಸುಮ್ಮನಾಗುವಳು, ಇಲ್ಲದ ಡೈಮಂಡನ್ನೇ ತುರುಪಾಗಿ ಇಟ್ಟುಕೊಂಡು ನಾನು ಒದ್ದಾಡಬೇಕು.

ಕೊನೆಯ ಸಲ ಕ್ಲಬ್ಬಿನ ಒಂಬತ್ತು ಮೇಜಿಗೂ ಕೇಳುವಂತೆ ಕಿರುಚಿದೆ. "ನಿನ್ನ ತಲೇಲಿ ಇರೋದು ಮಿದುಳಾ, ಮಣ್ಣಾ?"

ಮೂವತ್ತು ವರ್ಷ ಒಂದು ಲೈಬ್ರರಿ ನಡೆಸಿದವಳು ಅಕ್ಕ. ಎಲೆಗಳನ್ನು ಒಟ್ಟುಮಾಡಿಟ್ಟು, ಕೈಚೀಲ ಎತ್ತಿಕೊಂಡು ಹೋದಳು. ಮುಂದಿನ ಶನಿವಾರ ಬಂದು ನೋಡುತ್ತೇನೆ, ಡಾಕ್ಟರ್ ಎದುರು ಕೂತಿದ್ದಾಳೆ.

ಆಗಲಿ, ಹುಟ್ಟುಗುಣ ಸುಟ್ಟರೂ ಹೋಗದು ಅಂದುಕೊಂಡೆ. ಅವನ ಜೊತೆಗೂ ಮರೆಯುತ್ತಾಳೆ, ಅವನೂ ಮುಖ ಗಂಟು ಹಾಕಿಕೊಳ್ಳುತ್ತಾನೆ, ಆಗ ನನ್ನ ಹತ್ತಿರವೇ ಬರಬೇಕು. ನನ್ನ ಕನ್ನಡಕದ ಅಂಗಡಿಯಲ್ಲಿ ಗಿರಾಕಿಗಳ ಕಣ್ಣು ಅಳೆಯುವಾಗಲೂ ಇದೇ ಲೆಕ್ಕಾಚಾರ. ಮೂರು ತಿಂಗಳು ಕಾದೆ.

ಮೊನ್ನೆ ಶನಿವಾರ ಮೇಜು ಬದಲಾಯಿಸುತ್ತಾ ಅವರಿಬ್ಬರೂ ನಮ್ಮ ಮೇಜಿಗೇ ಬಂದರು. ನನ್ನ ಎಡಕ್ಕೆ ಅಕ್ಕ, ಬಲಕ್ಕೆ ಡಾಕ್ಟರ್. ನನ್ನೆದುರು ನನ್ನ ಹೊಸ ಜೊತೆಗಾರ, ಮೂಗಿನಲ್ಲಿ ಸೊಯ್ ಸೊಯ್ ಎಂದು ಉಸಿರಾಡುವ ಅಂಚೆ ಗುಮಾಸ್ತ. ಅದೂ ನನ್ನ ಹಣೆಬರಹ.

"ಒಂದು ನೋ ಟ್ರಂಪ್," ಅಂದಳು ಅಕ್ಕ. ಗುಮಾಸ್ತ ಪಾಸ್.

"ಎರಡು ಡೈಮಂಡ್," ಅಂದ ಡಾಕ್ಟರ್.

ಅಕ್ಕ ಈಗ 'ಟ್ರಾನ್ಸ್‌ಫರ್' ಅನ್ನಬೇಕು. ಅನ್ನಲಿಲ್ಲ. ತನ್ನ ಎಲೆಗಳನ್ನೇ ನೋಡುತ್ತಾ, ನೆಮ್ಮದಿಯಾಗಿ ಕನ್ನಡಕ ಸರಿಮಾಡಿಕೊಂಡಳು. ಮರೆತಿದ್ದಳು! ಜೊತೆಗಾರ ನೆನಪಿಸುವಂತಿಲ್ಲ, ಡಾಕ್ಟರ್ ರೆಪ್ಪೆ ಸಹ ಅಲುಗಿಸಲಿಲ್ಲ. ಇನ್ನು ಸರದಿ ನನ್ನದು. ಎದುರಾಳಿಯಾಗಿ ನಾನು "ಹಾಗಂದ್ರೇನು?" ಎಂದು ಅಕ್ಕನನ್ನು ಕೇಳಬಹುದು. ಕೇಳಿದರೆ ಥಟ್ಟನೆ ಅವಳಿಗೆ ನೆನಪಾಗುತ್ತದೆ. ಯಾವ ಆಟದಲ್ಲೂ ನಾನು ಕೇಳದೆ ಬಿಟ್ಟವಳಲ್ಲ. ಕೇಳಲೇಬೇಕು ಅನ್ನುವ ನಿಯಮವೇನೂ ಇಲ್ಲ.

"ಪಾಸ್," ಅಂದೆ.

"ಪಾಸ್," ಅಂದಳು ಅಕ್ಕ. ನನಗೆ ಹಾಲು ಕುಡಿದಷ್ಟು ಸಂತೋಷ.

ಗುಮಾಸ್ತನೂ ಪಾಸ್. ಡೈಮಂಡೇ ತುರುಪು, ಆಡುವವನು ಡಾಕ್ಟರ್; ನಾನು ಮೊದಲ ಎಲೆ ಹಾಕಿದೆ. ಆಡುವವನ ಜೊತೆಗಾರ್ತಿಯಾದ ಅಕ್ಕ ನಿಯಮದಂತೆ ತನ್ನ ಎಲೆಗಳನ್ನು ಮೇಜಿನ ಮೇಲೆ ಹರಡಿದಳು. ಹಾರ್ಟ್ ನಾಲ್ಕು, ಎಕ್ಕ ರಾಜ ಸಮೇತ; ಡೈಮಂಡ್ ಬರೀ ಎರಡು. ಹರಡುತ್ತಿದ್ದ ಕೈ ಅರ್ಧದಲ್ಲೇ ನಿಂತಿತು. ಏನಾಯಿತೆಂದು ತಿಳಿದ ಕೂಡಲೇ ಅವಳು ನೋಡಿದ್ದು ಡಾಕ್ಟರ್ ಕಡೆಗಲ್ಲ, ನನ್ನ ಕಡೆಗೆ. ಕತ್ತನ್ನು ಹೆಗಲೊಳಕ್ಕೆ ಎಳೆದುಕೊಂಡು, ಏಟು ಬೀಳುವ ಮುಂಚೆ ಮಕ್ಕಳು ನಿಲ್ಲುತ್ತವಲ್ಲ, ಹಾಗೆ.

"ತಪ್ಪಾಯ್ತು ಕಣೇ," ಅಂದಳು. ನನಗೆ! ಅವಳ ತಪ್ಪಿನಿಂದ ಲಾಭವಾಗುವ ನನಗೆ!

ಡಾಕ್ಟರ್ ಹೋ ಎಂದು ನಕ್ಕುಬಿಟ್ಟ. "ಅಯ್ಯೋ ಮೇಡಂ, ನನ್ನ ಹತ್ರ ಇರೋದು ಒಂದೇ ಒಂದು ಡೈಮಂಡು! ಎಷ್ಟು ಮುಳುಗ್ತೀವಿ ಹೇಳಿ, ನಾಲ್ಕಾ, ಐದಾ?"

"ಐದು," ಅಂದಳು ಅಕ್ಕ ಸಣ್ಣ ದನಿಯಲ್ಲಿ.

"ನಾನು ಆರು ಅಂತೀನಿ. ಆಗ್ಲಿ ನೋಡೇ ಬಿಡೋಣ."

ಗೆಲ್ಲಬೇಕಾಗಿದ್ದ ಎಂಟು ಪಟ್ಟಿಗೆ ಐದು ಕಡಿಮೆ ಬಿದ್ದು ಮುಳುಗಿದರು. ಒಂದೊಂದು ಪಟ್ಟು ಹೋದಾಗಲೂ ಅವನು ಬೆರಳು ಎಣಿಸುವನು, ಅಕ್ಕ ಸೆರಗು ಬಾಯಿಗೊತ್ತಿಕೊಂಡು ನಗುವಳು. ಕೊನೆಗೆ ಕಣ್ಣಲ್ಲಿ ನೀರು ಬಂದು ಕನ್ನಡಕ ತೆಗೆದು ಒರೆಸಿಕೊಂಡಳು. ಆಟದ ಮೇಜಿನಲ್ಲಿ ಅಕ್ಕ ನಗುತ್ತಾಳೆ ಅನ್ನುವುದೇ ನನಗೆ ಗೊತ್ತಿರಲಿಲ್ಲ. ಈ ಮೇಜಿನಲ್ಲಿ ನಮಗೇ ಪೂರ್ತಿ ಅಂಕ ಎಂದು ಗುಮಾಸ್ತ ಕುಣಿಯುತ್ತಿದ್ದ. ನನಗೆ ಅವನ ಮೂಗು ಹಿಂಡಬೇಕು ಅನ್ನಿಸಿತು.

ಮುಂದಿನ ಮೇಜಿಗೆ ಏಳುವಾಗ ಅಕ್ಕ ನನ್ನ ಕಡೆ ಬಾಗಿದಳು. "ನೀನು ಯಾವಾಗ್ಲೂ ಕೇಳ್ತೀಯಲ್ಲ. ಇವತ್ತು ಯಾಕೆ ಕೇಳ್ಲಿಲ್ಲ?"

"ಮರೆತೇಬಿಟ್ಟೆ," ಅಂದೆ.

ಅವಳು ನಂಬಿದಳು. ನನ್ನ ಬೆನ್ನು ಸವರಿ, "ಹೋಗ್ಲಿ ಬಿಡೇ, ಮರೆವು ಯಾರಿಗೆ ಬರಲ್ಲ ಹೇಳು," ಎಂದು ಡಾಕ್ಟರ್ ಹಿಂದೆ ಹೊರಟಳು.