ಹೆಬ್ಬೆರಳಿನ ಗುರುತು

"ಆ ಬಟ್ಟಲೂ ಮುಗಿದರೆ ಇವತ್ತೇ ಆವಿಗೆಗೆ ಇಟ್ಬಿಡ್ತೀನಿ ಅತ್ತಿಗೆ," ಎಂದ ಆವಿಗೆಯಲ್ಲಿ ಬಟ್ಟಲು ಸುಡುವ ಷಾವ್, ಬಾಗಿಲಿಗೆ ಒರಗಿಕೊಂಡು.

ಗ್ವೇಯಿಂಗ್ ಕುಂಚದಿಂದ ಕಣ್ಣು ಕೀಳಲಿಲ್ಲ. ಗಂಡ ಮಾವ್ಲಿನ್ ಹಾಸಿಗೆ ಹಿಡಿಯುವ ಮುನ್ನ ಬರೆದ ಕೊನೆಯ ಜೊತೆ ಅದು. ಅಂಗೈಯಲ್ಲಿ ಕೂರುವ ಚಹಾ ಕುಡಿಕೆ, ಎರಡು ಬಟ್ಟಲು. ಹೊಸದಾಗಿ ಚಹಾದ ಹುಚ್ಚು ಹಿಡಿದವರು ಬಟ್ಟೆಯಲ್ಲಿ ಸುತ್ತಿಕೊಂಡು ರೈಲು ಹತ್ತುತ್ತಾರಲ್ಲ, ಅಂಥದ್ದು. ಪಿಂಗಾಣಿಯ ಊರು ಜಿಂಗ್‌ದೆಝೆನ್‌ನಲ್ಲಿ ಗೆರೆ ಎಳೆಯುವ ಕೈ ಬೇರೆ, ಗೆರೆಯೊಳಗೆ ಬಣ್ಣದ ನೀರು ತುಂಬುವ ಕೈ ಬೇರೆ. ಈ ಮನೆಯಲ್ಲಿ ಗೆರೆ ಅವನದು, ನೀರು ಅವಳದು. ಹಸಿ ಬಟ್ಟಲಿಗೆ ಮೆತ್ತಿದ ಕೊಳೆ ಕೆರೆಯುವ ಕೆಲಸವೂ ಅವಳದೇ.

ಕೊಳೆಗೇನು ಕೊರತೆ! ಮಾವ್ಲಿನ್‌ನ ಬಣ್ಣದ ಹೆಬ್ಬೆರಳು ಪ್ರತಿ ಬಟ್ಟಲಿನ ತಳದಲ್ಲೂ ಬೂದು ಗುರುತು ಬಿಡುತ್ತಿತ್ತು.

"ಹೂವು ಬರೀತೀಯೋ, ಹೆಬ್ಬೆಟ್ಟು ಒತ್ತಿ ಸಾಕ್ಷಿ ಹಾಕ್ತೀಯೋ?" ಎಂದು ಅವಳು ರೇಗುತ್ತಿದ್ದಳು.

"ಕೆರೆಯೋಕೆ ನೀನಿದ್ದೀಯಲ್ಲ ಮಾರಾಯ್ತಿ," ಎಂದು ಅವನು ನಗುತ್ತಿದ್ದ.

ಈ ಬಟ್ಟಲಿನ ತಳದಲ್ಲೂ ಅದಿತ್ತು. ಬೆಳಿಗ್ಗೆ ನೋಡಿದಾಗಲೇ ಅವಳು ತೀರ್ಮಾನಿಸಿದ್ದಳು: ಇದೊಂದನ್ನು ಮುಟ್ಟುವುದಿಲ್ಲ. ಬೆಂಕಿಯಲ್ಲಿ ಬೂದು ನೀಲಿಯಾಗುತ್ತದೆ, ಆಮೇಲೆ ಯಾರ ಕೈಲೂ ಅಳಿಸಲಾಗುವುದಿಲ್ಲ. ಈ ಜೊತೆ ಅಂಗಡಿಗಲ್ಲ, ತನಗೆ.

"ಅಣ್ಣ ಇದ್ದಿದ್ರೆ ಈ ಜಡಿಮಳೇನ ಬೈದು ಸಾಯಿಸ್ತಿದ್ದ," ಎಂದ ಷಾವ್. "ಮಣ್ಣು ಒಣಗದಿದ್ರೆ ನನ್ನ ಮೇಲೇ ಹಾರಾಡೋನು, ಮಳೆ ನಾನೇ ತರಿಸಿದ ಹಾಗೆ."

ಗ್ವೇಯಿಂಗ್‌ಗೆ ನಗು ಬಂತು. ಮಾವ್ಲಿನ್ ತೀರಿಕೊಂಡ ಮೇಲೆ ಬಂದ ಮೊದಲ ನಗು. ನಗುತ್ತಲೇ ಕೊನೆಯ ಎಸಳು ತುಂಬಿದಳು, ಕುಂಚ ಇಟ್ಟಳು, ಬಟ್ಟಲು ಮಗುಚಿದಳು, ಚೂರಿ ತೆಗೆದಳು, ಸರಕ್ಕನೆ ಕೆರೆದಳು, ಉಫ್ ಎಂದು ಊದಿದಳು.

ಬೂದು ಪುಡಿ ಅವಳ ಮಡಿಲಿಗೆ ಬಿತ್ತು.

"ಯಾಕತ್ತಿಗೆ? ಒಡೀತಾ?"

"ಇಲ್ಲ," ಎಂದಳು. ತನ್ನ ಕೈಯನ್ನೇ ಕತ್ತರಿಸಿ ಎಸೆಯಬೇಕೆನಿಸಿತು ಅವಳಿಗೆ.

ಆವಿಗೆ ಆರಿದ ಮೇಲೆ ಷಾವ್ ಜೊತೆಯನ್ನು ತಾನೇ ಹೊತ್ತು ತಂದ. "ನೋಡತ್ತಿಗೆ, ಎಲ್ಲೂ ಒಂದು ಕಲೆಯಿಲ್ಲ. ಇಷ್ಟು ಚೊಕ್ಕವಾಗಿ ಯಾವತ್ತೂ ಬಂದಿರ್ಲಿಲ್ಲ!"

ಅವಳು ತಲೆಯಾಡಿಸಿದಳು. ಹೂವಿನ ಗೆರೆ ಗಂಡನದೇ, ಆದರೆ ಆ ಹೂವನ್ನು ಬೀದಿಯಲ್ಲಿ ಎಲ್ಲರೂ ಬರೆಯುತ್ತಾರೆ.

ಷಾವ್ ಹೋದ ಮೇಲೆ ಅಡುಗೆಮನೆಯ ಕಪಾಟು ತೆರೆದಳು. ಸೊಟ್ಟಗಾದವು, ಗುಳ್ಳೆ ಎದ್ದವು, ಮಾರಾಟಕ್ಕೆ ಬಾರದೆ ಇಷ್ಟು ವರ್ಷಗಳಲ್ಲಿ ಮನೆಯಲ್ಲೇ ಉಳಿದ ಬಟ್ಟಲುಗಳೆಲ್ಲ ಅಲ್ಲಿದ್ದವು. ಯಾವುದೋ ಒಂದರಲ್ಲಾದರೂ ಆ ಗುರುತು ತನ್ನ ಚೂರಿಗೆ ಸಿಗದೆ ಉಳಿದಿರಬಹುದು. ಒಂದೊಂದನ್ನೇ ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಮೇಜಿನ ಮೇಲೆ ಬೋರಲು ಹಾಕುತ್ತ ಹೋದಳು. ಕಪಾಟು ಖಾಲಿಯಾಯಿತು. ಮೇಜಿನ ತುಂಬ ಬಿಳಿಯ ತಳಗಳು, ಎಲ್ಲವೂ ಚೊಕ್ಕ.