ವೇಗ ಏರಿಸಿದ ಕಾರ್ಡು

ಅವರ ಕನ್ನಡಕದ ಮೇಲೆ ಮತ್ತೆ ನೀಲಿ ಬೆಳಕು, ಅಲ್ಲಿಗೆ ಕಂಪ್ಯೂಟರು ಮತ್ತೆ ಸತ್ತಿತು, ಇಡೀ ಪರದೆ ನೀಲಿ, ಅದರ ತುಂಬ ಬಿಳಿ ಇಂಗ್ಲಿಷ್ ಅಕ್ಷರ, ಓದುವುದೂ ಇಲ್ಲ ಈ ಮನುಷ್ಯ, ಬೆರಳು ತಾನಾಗಿ ಗುಂಡಿಗೆ ಹೋಗುತ್ತದೆ, ಆರಿಸು, ಹಾಕು, ಕಾಯಿ — ಕೊಟ್ರೇಶ್, ನನ್ನ ಗಂಡ, ಶಿಕಾರಿಪುರದಲ್ಲೇ ಮೊದಲು ಕಂಪ್ಯೂಟರಿನಲ್ಲಿ ಮದುವೆ ವಿಡಿಯೋ ಮಿಕ್ಸಿಂಗ್ ಮಾಡಿದವರು, ಅಂಗಡಿಯ ಬೋರ್ಡಿನ ಮೇಲೆ ಹಾಗಂತ ಬರೆಸಿಕೊಂಡವರು, ಆ ಬೋರ್ಡು ಕಿತ್ತು ಅವರ ನೆತ್ತಿಯ ಮೇಲೇ ಬೀಳಲಿ. ಡ್ರೈವರ್ ಸರಿ ಇಲ್ಲ ರಕ್ಷಿತಾ, ಹಳೇ ಡ್ರೈವರ್ ತಗದು ಹೊಸಾದು ಹಾಕಿದ್ರೆ ಎಲ್ಲಾ ಸರಿಯಾಗ್ತತೆ, ಅನ್ನುತ್ತಾರೆ ನನ್ನ ತಂಗಿಗೆ, ಅವಳಿಗೆ ಡ್ರೈವರ್ ಅಂದರೆ ಬಸ್ಸು ಓಡಿಸುವವನು, ಕುಪ್ಪಗಡ್ಡೆಯಿಂದ ಸೊರಬಕ್ಕೆ, ಸೊರಬದಿಂದ ಇಲ್ಲಿಗೆ, ಐದು ತಿಂಗಳ ಬಸುರಿ, ಬಸ್ಸಿನಲ್ಲಿ ನಿಂತೇ ಬಂದಿದ್ದಾಳೆ, ಆಗ್ಲಿ ಭಾವ, ನಿಧಾನಕ್ಕೆ ಮಾಡ್ರಿ, ಅಂತಾಳೆ, ಸ್ಟೂಲಿನ ಮೇಲೆ ಕೂತು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು. ಕಂಪ್ಯೂಟರ್ ಪತ್ರಿಕೆಯ ಜೊತೆ ಬಂದ ಸಿ.ಡಿ. ಒಳಗೆ ಹೋಯಿತು, ಡ್ರೈವರ್ ಅಂದರೆ, ಟೇಪಿನ ಚಿತ್ರ ಇಳಿಸಿಕೊಂಡು ಪರದೆಗೆ ತರುವ ಕಾರ್ಡಿಗೆ ಕೆಲಸ ಹೇಳಿಕೊಡುವ ಪ್ರೋಗ್ರಾಮಂತೆ, ಯಾವ ಪ್ರೋಗ್ರಾಮು ಹಾಕಿದರೇನು, ಕಾರ್ಡಿನ ಕುತ್ತಿಗೆ ಹಿಸುಕಿದವರು ಇವರೇ ಅಲ್ಲವೇ, ಪರದೆಯಲ್ಲಿ ಒಂದು ಪಟ್ಟಿ ಇದೆ, ಅದನ್ನು ಬಲಕ್ಕೆ ಎಳೆದರೆ ಕಾರ್ಡಿನ ವೇಗ ಏರುತ್ತದೆ, ಕೊನೆಯವರೆಗೂ ಎಳೆದಿಟ್ಟಿದ್ದಾರೆ, ಗೆಳೆಯ ಉಜ್ಜಪ್ಪನನ್ನು ಕರೆದು ತೋರಿಸಿದ್ದರು, ನೋಡಲೇ, ಕಂಪನಿ ಕೊಟ್ಟಿದ್ದಕ್ಕಿಂತ ಜೋರು ಓಡ್ತತೆ ನಮ್ ಕಾರ್ಡು, ಉಜ್ಜಪ್ಪ ಕ್ಯಾಬಿನೆಟ್ಟಿಗೆ ಕೈ ಇಟ್ಟು ಹೆಂಚಿನಂಗೆ ಸುಡ್ತತಲ್ಲೋ ಅಂದ, ಇಬ್ಬರೂ ನಕ್ಕರು, ನಾನು ಅಲ್ಲೇ ಕೂತು ಯಾರದೋ ಮದುವೆ ವಿಡಿಯೋದ ಶೀರ್ಷಿಕೆಯಲ್ಲಿ ಮದುಮಗಳ ಹೆಸರಿನ ಸುತ್ತ ಗುಲಾಬಿ ಅರಳಿಸುತ್ತಿದ್ದೆ, ಬೇಡ ರೀ ಅಂದೆ, ನಿಂಗೆ ಗೊತ್ತಾಗಲ್ಲ ಸುಮ್ನಿರು ಅಂದರು.

ಸುಮ್ಮನಿದ್ದೇನೆ. ಒಳಗೆ ಮಾತ್ರ ಸುಮ್ಮನಿಲ್ಲ. ರಕ್ಷಿತಾ ಬಂದಿರುವುದು ತನ್ನ ಮದುವೆ ನೋಡಲಿಕ್ಕಲ್ಲ, ಅವ್ವನನ್ನು ನೋಡಲಿಕ್ಕೆ, ನೋಡಲಿಕ್ಕೂ ಅಲ್ಲ, ಕೇಳಲಿಕ್ಕೆ — ಧಾರೆಯಾದ ಮೇಲೆ ಅವ್ವ ಅಕ್ಕಿಕಾಳು ಹಾಕಲು ಬಂದು ಇವಳ ಕಡೆ ಬಾಗಿ ಏನೋ ಹೇಳಿದಳಂತೆ, ಬಾಸಿಂಗದ ಕೆಳಗೆ ತಲೆ ತಗ್ಗಿಸಿದ್ದ ಇವಳಿಗೆ ಓಲಗದ ಗದ್ದಲದಲ್ಲಿ ಒಂದಕ್ಷರವೂ ಕೇಳಲಿಲ್ಲ, ಆಮೇಲೆ ಕೇಳಿದರಾಯಿತು ಅಂದುಕೊಂಡಳಂತೆ, ಮದುವೆಯ ಬಳೆ ಇನ್ನೂ ಕೈಯಲ್ಲಿರುವಾಗಲೇ ಅವ್ವ, ದ್ಯಾಮಮ್ಮ, ಹಿತ್ತಲಲ್ಲಿ ಬಟ್ಟೆ ಹಿಂಡುತ್ತಾ ಕುಸಿದು ತೀರಿಹೋದಳು. ಮೈಕು ಹತ್ರಾನೇ ಇತ್ತಲ್ಲಕ್ಕ, ವಿಡಿಯೋದಾಗೆ ಕೇಳೇ ಕೇಳ್ತತೆ. ಕೇಳುತ್ತದೆ, ಟೇಪು ಇದ್ದಿದ್ದರೆ. ಮದುವೆಯನ್ನೆಲ್ಲ ಕಂಪ್ಯೂಟರಿಗೆ ಇಳಿಸಿಕೊಂಡಾಯಿತು ಅಂತ ಈ ಮಹಾನುಭಾವ ಅದೇ ಟೇಪನ್ನು ಕ್ಯಾಮೆರಾಗೆ ಹಾಕಿಕೊಂಡು ಈಸೂರಿಗೆ ಹೋಗಿ ಯಾರದೋ ಮದುವೆ ಅದರ ಮೇಲೇ ತುಂಬಿಸಿಕೊಂಡು ಬಂದರು, ಇಳಿಸಿದ್ದು ಸರಿಯಾಗಿ ಇಳಿದಿದೆಯೇ ಅಂತ ಒಂದು ಸಲ ಓಡಿಸಿ ನೋಡಲಿಲ್ಲ, ನನಗೆ ಗೊತ್ತಾಗಿದ್ದು ಮೊನ್ನೆ, ರಕ್ಷಿತಾಗೆ ಹೇಳ್ಬೇಡ, ಬಸುರಿ, ಬೇಜಾರು ಮಾಡ್ಕೊಂತಾಳೆ, ಅಂದರು — ಎಂಥ ಕರುಣೆ, ಎಂಥ ಹಾಳು ಕರುಣೆ. ಹೊಸ ಡ್ರೈವರ್ ಕೂತಿತು. ಮದುವೆ ಓಡಿತು, ಚಪ್ಪರ, ಓಲಗದವರು, ಇವರೇ ಟೈ ಕಟ್ಟಿಕೊಂಡು ಹಲ್ಲು ಕಿರಿಯುತ್ತಿರುವುದು, ಚಿತ್ರ ಚೌಕಚೌಕವಾಗಿ ಒಡೆಯಿತು, ನೀಲಿ. ಥೂ, ಇದೂ ಸರಿ ಇಲ್ಲ, ಹಳೇದೇ ವಾಸಿ, ಅಂತ ಆ ಸಿ.ಡಿ.ಯನ್ನು ಮೇಜಿನ ಮೇಲೆ ಬಿಸಾಡಿದರು, ನೋಡು ರಕ್ಷಿತಾ, ಈ ಕಂಪನಿಯವ್ರು ಎಂಥಾ ಡ್ರೈವರ್ ಕೊಡ್ತಾರೆ ಅಂತ, ನಮ್ ಜೀವ ತಿಂತಾರೆ.

ಏಳ್ರೀ. ನನ್ನ ಬಾಯಿಂದಲೇ ಬಂತು. ಏನು? ಏಳ್ರೀ ಮೇಲೆ. ಎದ್ದರು, ತಂಗಿಯ ಎದುರು ಹೆಂಡತಿ ಹೀಗಂದಳಲ್ಲ ಎಂದು ಕಿವಿ ಕೆಂಪಾಯಿತು, ಆಗಲಿ, ಆ ಕಾರ್ಡಿನ ಹಾಗೆ ಕಾಯಲಿ. ಮೌಸು ಹಿಡಿದೆ, ಆ ಪಟ್ಟಿಯನ್ನು ಎಡಕ್ಕೆ ಎಳೆದೆ, ಕಾರ್ಡು ಅಂಗಡಿಗೆ ಬಂದ ದಿನ ಇದ್ದ ಜಾಗಕ್ಕೆ, ಟೇಪು ಇಲ್ಲ ಕಣೇ, ಅಂದೆ ರಕ್ಷಿತಾಗೆ, ಅವಳ ಕಡೆ ನೋಡದೆ, ನಿಮ್ ಭಾವ ಅದರ ಮೇಲೆ ಬೇರೆ ಮದುವೆ ತುಂಬ್ಸಿದಾರೆ, ಇರೋದು ಇದೊಂದೇ. ರಕ್ಷಿತಾ ಸ್ಟೂಲು ಮುಂದಕ್ಕೆ ಎಳೆದುಕೊಂಡಳು, ಅವರು ಬಾಗಿಲಿಗೆ ಹೋಗಿ ಬೀದಿ ನೋಡುತ್ತಾ ನಿಂತರು. ಓಡಿತು. ಚೌಕವಿಲ್ಲ, ನೀಲಿಯಿಲ್ಲ, ಚಪ್ಪರ ದಾಟಿತು, ಧಾರೆ ದಾಟಿತು, ನನಗೆ ಉಸಿರು ಬಂತು, ಅಗೋ ಅವ್ವ, ಹಸಿರು ಇಳಕಲ್ ಸೀರೆ, ಜನರ ನಡುವೆ ದಾರಿ ಮಾಡಿಕೊಂಡು, ಬಂದಳು, ಬಾಗಿದಳು, ಬಲಗೈ ಎತ್ತಿದಳು, ಬೆರಳು ಸಡಿಲಿಸಿದಳು, ಬಾಯಿ ತೆರೆದಳು — ನಿಂತಿತು. ಕಂಪ್ಯೂಟರು ನಿಂತಿಲ್ಲ, ಕೆಳಗೆ ಸೆಕೆಂಡುಗಳು ಓಡುತ್ತಲೇ ಇವೆ, ಚಿತ್ರ ಮಾತ್ರ ನಿಂತಿದೆ, ಸದ್ದಿಲ್ಲ, ಮುಂದೆ ಬಿಡಕ್ಕ, ಬಿಟ್ಟೆ, ಮುಂದೆಯೂ ಅದೇ, ಇನ್ನೂ ಮುಂದೆ, ಅದೇ, ಕೊನೆಯವರೆಗೂ ಅದೇ, ಇಳಿಸಿಕೊಳ್ಳುವಾಗಲೇ ಕಾರ್ಡು ಇಲ್ಲಿ ಸತ್ತಿದೆ, ಸತ್ತ ಮೇಲೂ ಕೊನೆಗೆ ಕಂಡದ್ದನ್ನೇ ಬರೆಯುತ್ತಾ ಹೋಗಿದೆ, ಆಗ ಇವರು ಹೊರಗೆ ಟೀ ಕುಡಿಯುತ್ತಿದ್ದರು. ಬಾಗಿಲಿನಿಂದ ಅವರ ದನಿ, ಇನ್ನೊಂದು ಡ್ರೈವರ್ ಐತೆ ಕಣೇ, ಅದನ್ನ ಹಾಕಿ ನೋಡಾನ — ಹಿಂದಕ್ಕೆ ತಂದೆ, ಬಂದಳು, ಬಾಗಿದಳು, ಕೈ ಎತ್ತಿದಳು, ಬಾಯಿ ತೆರೆದಳು, ಅಕ್ಕಿಕಾಳು ಬೆರಳು ಬಿಟ್ಟಿವೆ, ರಕ್ಷಿತಾಳ ತಲೆ ಮುಟ್ಟಿಲ್ಲ, ಮತ್ತೆ ಹಿಂದಕ್ಕೆ, ಬಾಗಿದಳು, ಬಾಯಿ ತೆರೆದಳು, ಅಕ್ಕಿಕಾಳು ನಡುವೆ, ಬೀಳದೆ, ಮತ್ತೆ, ತೆರೆದ ಬಾಯಿ, ನಡುವೆ ಅಕ್ಕಿಕಾಳು