ಬಿಳಿ ಪಟ್ಟಿ ಸುತ್ತಿದ ತಂತಿ

ಅಮ್ಮ ಹೋಗಿ ಎರಡು ತಿಂಗಳಾಗಿತ್ತು. ಬಚ್ಚಲಲ್ಲಿ ನಲ್ಲಿಯ ಕೆಳಗೆ ಕುಸಿದಿದ್ದವಳನ್ನು ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಎಲ್ಲ ಮುಗಿದಿತ್ತು. ಎಪ್ಪತ್ತೆರಡರ ಜೀವ, ಮೊದಲೇ ಬಿ.ಪಿ. ಇತ್ತು. ಹೃದಯ ನಿಂತಿದೆ ಅಂದರು ಡಾಕ್ಟರು. ಯಾರೂ ಎರಡನೇ ಮಾತೆತ್ತಲಿಲ್ಲ.

ಮಗಳು ಮೋಟಾರ್ ವೈಂಡಿಂಗ್ ಮಾಡುವವಳು. ಸುತ್ತಮುತ್ತಲ ಪಂಪುಗಳೆಲ್ಲ ಒಂದಲ್ಲ ಒಂದು ಸಲ ಅವಳ ಕೈ ಹಾದುಹೋದವೇ. ಹಾಗಾಗಿ ಗೀಸರ್ ಕೆಟ್ಟಾಗ ಅತ್ತಿಗೆ ಫೋನ್ ಮಾಡಿದ್ದು ಅವಳಿಗೇ.

"ಮನೆ ಮಾಲೀಕರು ಹೋದ ವಾರ ಹೊಸ ಬೋರ್ಡ್ ಹಾಕಿಸಿದ್ರು. ಆವತ್ತಿಂದ ಗೀಸರ್ ಹಾಕಿದ ಕೂಡ್ಲೆ ಮನೆಯೆಲ್ಲ ಕತ್ತಲೆ. ಆ ದರಿದ್ರ ಸ್ವಿಚ್ಚೇ ಸರಿಯಿಲ್ಲ ಅನ್ಸುತ್ತೆ. ಒಂದ್ಸಲ ಬಂದು ನೋಡ್ತೀಯಾ?"

ಭಾನುವಾರ ಬೆಳಿಗ್ಗೆ ಹೋದಳು. ಮೆಡಿಕಲ್ ಅಂಗಡಿಯಲ್ಲಿ ಕೆಲಸ ಮಾಡುವ ಅಣ್ಣನಿಗೆ ಅಂದು ರಜೆ. ಹಾಲ್‌ನಲ್ಲಿ ಪೇಪರ್ ಓದುತ್ತಿದ್ದ. ಅವಳು ಬೋರ್ಡ್ ನೋಡಿದಳು. ಕರೆಂಟು ಎಲ್ಲಾದರೂ ಸೋರಿದರೆ ತಾನೇ ಬೀಳುವ ಸ್ವಿಚ್ಚು ಅದು. ಅದರಲ್ಲೇನೂ ದೋಷವಿರಲಿಲ್ಲ. ಮೇನ್ ಆರಿಸಿ, ಬಚ್ಚಲಲ್ಲಿ ಸ್ಟೂಲ್ ಹಾಕಿ ಹತ್ತಿ, ಗೀಸರಿನ ಕೆಳಗಿನ ಮುಚ್ಚಳ ಬಿಚ್ಚಿದಳು. ಥರ್ಮೋಸ್ಟಾಟ್ ಚೆನ್ನಾಗಿತ್ತು. ನೀರು ಕಾಯಿಸುವ ಕಾಯಿಲ್‌ನ ತಂತಿ ಬಿಡಿಸಿ, ಮೀಟರಿನ ಒಂದು ಕಡ್ಡಿ ಕಾಯಿಲ್‌ಗೆ, ಇನ್ನೊಂದು ಟ್ಯಾಂಕಿನ ಮೈಗೆ ಹಿಡಿದಳು. ಅಲುಗಬಾರದ ಮುಳ್ಳು ಓಡಿತು. ಕಾಯಿಲ್ ಒಡೆದು ಕರೆಂಟು ನೀರಿಗಿಳಿಯುತ್ತಿತ್ತು.

ಹಾಗಿದ್ದರೆ ಹಳೇ ಬೋರ್ಡಿನ ಫ್ಯೂಸಾದರೂ ಹಾರಬೇಕಿತ್ತಲ್ಲ ಅನ್ನಿಸಿತು. ಟಾರ್ಚ್ ಬಿಟ್ಟು ಒಳಗೆ ನೋಡಿದಳು. ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಹಸಿರು ಅರ್ತ್ ತಂತಿಯನ್ನು ಯಾರೋ ಕತ್ತರಿಸಿ, ಎರಡೂ ತುದಿಗೆ ಒಪ್ಪವಾಗಿ ಪಟ್ಟಿ ಸುತ್ತಿದ್ದರು. ಕರೆಂಟಿನವರ ಕಪ್ಪು ಟೇಪ್ ಅಲ್ಲ. ಗಾಯಕ್ಕೆ ಹಾಕುವ ಬಿಳಿ ಪಟ್ಟಿ.

ಸ್ಟೂಲಿನಿಂದ ಇಳಿದು, ಕೆಳಗಿನ ನಲ್ಲಿಯನ್ನು ನೋಡಿದಳು. ಮನೆಯ ಉಳಿದಿಬ್ಬರು ಬಕೆಟ್ ತುಂಬಿಸಿ, ಸ್ವಿಚ್ ಆರಿಸಿ ಸ್ನಾನ ಮಾಡುವವರು. ಅಮ್ಮನಿಗೆ ಮಾತ್ರ ನೀರು ಸುಡುಸುಡು ಬೇಕು. ಗೀಸರ್ ಹಾಕಿಕೊಂಡೇ, ಒದ್ದೆ ಕಲ್ಲಿನ ಮೇಲೆ ಕೂತು, ಕಬ್ಬಿಣದ ನಲ್ಲಿ ಹಿಡಿದೇ ಮೀಯುತ್ತಿದ್ದಳು.

"ಅಣ್ಣಾ, ಇಲ್ಲಿ ಬಾ."

ಅವನು ಬಂದ. ಅವಳು ತಂತಿ ತೋರಿಸಿದಳು.

"ಇದು ನೀನು ಮಾಡಿದ್ದಾ?"

"ಹೂಂ. ಚಳಿಗಾಲದಲ್ಲಿ ದಿನಾ ಫ್ಯೂಸ್ ಹಾರ್ತಿತ್ತು. ಆ ತಂತಿ ತೆಗೆದ್ಮೇಲೆ ನಿಂತ್ಹೋಯ್ತು. ಅದಕ್ಕೇನೂ ಕೆಲಸ ಇಲ್ಲ ಅಂದ್ಕೊಂಡೆ." ತನ್ನ ಕೈಗುಣದ ಬಗ್ಗೆ ಸಣ್ಣ ಹೆಮ್ಮೆಯೂ ಇತ್ತು ಆ ದನಿಯಲ್ಲಿ. ತಂಗಿಯ ಮುಖ ನೋಡಿದ ಮೇಲೆ ಅದು ಇಳಿಯಿತು. "ಯಾಕೆ?"

"ನಲ್ಲಿ ಮುಟ್ಟಿದ್ರೆ ಕೈ ಜುಮ್ ಅನ್ನುತ್ತೆ ಅಂತ ಅಮ್ಮ ಯಾವತ್ತಾದ್ರೂ ಹೇಳಿದ್ಲಾ?"

ಅವನು ಕೈಯಲ್ಲಿದ್ದ ಪೇಪರನ್ನು ಮಡಚಿ, ಮತ್ತೆ ಮಡಚಿದ.

"ನಲ್ಲಿ ಅಂತ ಹೇಳ್ಲಿಲ್ಲ. ಕೈ ಜುಮ್ ಅನ್ನುತ್ತೆ ಅಂದ್ಲು. ವಯಸ್ಸಾದ್ಮೇಲೆ ನರ ಹಾಗೇ ಅಂತ ವಿಟಮಿನ್ ಮಾತ್ರೆ ತಂದುಕೊಟ್ಟೆ. ದಿನಾ ತಪ್ಪದೆ ತಗೊಂಡ್ಲು ಪಾಪ." ನಲ್ಲಿಯನ್ನೇ ನೋಡುತ್ತ ನಿಂತ. ಆಮೇಲೆ ಬಾಗಿಲ ಹೊಸ್ತಿಲ ಮೇಲೆ ಕೂತ. "ನಾನಾ?"

ಅವಳು ಟಾರ್ಚ್ ಆರಿಸಿ ಅವನ ಪಕ್ಕ ಕೂತಳು.

"ನನಗೂ ಹೇಳಿದ್ಲು," ಅಂದಳು. "ಫೋನಲ್ಲಿ. ಸ್ನಾನ ಮಾಡೋವಾಗ ಕೈ ಜುಮ್ ಅನ್ನುತ್ತೆ ಕಣೇ ಅಂದ್ಲು. ನನ್ನ ಅಂಗಡಿಯಲ್ಲಿ ಗಿರಾಕಿ ನಿಂತಿದ್ರು. ಅಣ್ಣನ್ನ ಕೇಳು, ಮಾತ್ರೆ ಕೊಡ್ತಾನೆ ಅಂದುಬಿಟ್ಟೆ. ನಿನಗೆ ಗೊತ್ತಿರ್ಲಿಲ್ಲ. ನನಗೆ ಗೊತ್ತಿರಬೇಕಿತ್ತು. ಹೊಟ್ಟೆಪಾಡೇ ಇದು ನನ್ನದು."

ಅವನು ಸಮಾಧಾನ ಹೇಳಬಹುದೆಂದು ಅವಳು ಕಾದಳೋ ಏನೋ. ಅವನ ಹತ್ತಿರ ಇದ್ದ ಸಮಾಧಾನ ಅವನಿಗೇ ಸಾಲುತ್ತಿರಲಿಲ್ಲ.

ಅವಳು ಮತ್ತೆ ಸ್ಟೂಲ್ ಹತ್ತಿದಳು. ಟ್ಯಾಂಕಿನ ನೀರು ಬಸಿದು ಕಾಯಿಲ್ ಎಳೆದಳು. ಸುಣ್ಣ ಕಟ್ಟಿ ಹೆಬ್ಬೆರಳಷ್ಟು ದಪ್ಪವಾಗಿತ್ತು, ನಡುವೆ ಉಗುರಷ್ಟು ಬಿರುಕು. ಜೊತೆಗೆ ತಂದಿದ್ದ ಹೊಸದನ್ನು ಕೂರಿಸಿ, ಬೋರ್ಡಿನಿಂದ ಟ್ಯಾಂಕಿನವರೆಗೆ ಹೊಸ ಅರ್ತ್ ತಂತಿ ಎಳೆದು, ಎರಡು ಸಲ ಬಿಗಿದು, ಮೂರು ಸಲ ಅಳೆದಳು. ನೀರು ತುಂಬಿಸಿ, ಮೇನ್ ಹಾಕಿ, ಗೀಸರಿನ ಸ್ವಿಚ್ ಹಾಕಿದಳು. ಬೋರ್ಡಿನ ಸ್ವಿಚ್ಚು ಬೀಳಲಿಲ್ಲ.

"ನಿನ್ನ ಅತ್ತಿಗೆಗೆ ಹೇಳ್ಬೇಕಾ?" ಅಂದ ಅಣ್ಣ.

"ಹೇಳ್ಬೇಕು. ಅವರೂ ಇದೇ ಬಚ್ಚಲಿಗೆ ಬರೋರು."

ಅಡುಗೆಮನೆಯಲ್ಲಿ ಅವನೇ ಹೇಳಿದ, ಅಲ್ಲಲ್ಲಿ ತಡವರಿಸಿ. ಅತ್ತಿಗೆ ಒಲೆ ಆರಿಸಿ ಪೂರ್ತಿ ಕೇಳಿಸಿಕೊಂಡಳು. ಬೈಯಲಿಲ್ಲ, ಅಳಲೂ ಇಲ್ಲ.

"ನನಗೂ ಎರಡು ಸಲ ಜುಮ್ ಅಂದಿತ್ತು," ಅಂದಳು. "ಹೇಳಿದ್ರೆ ನನಗೂ ಮಾತ್ರೆ ಕೊಡ್ತೀರಿ ಅಂತ ಸುಮ್ಮನಿದ್ದೆ. ಬಾಯಿ ಬಿಟ್ಟಿದ್ರೆ ಅತ್ತೆ ಇರ್ತಿದ್ರೇನೋ."

ಗೀಸರಿನಲ್ಲಿ ನೀರು ಕಾದು, ಕೆಂಪು ದೀಪ ತಾನಾಗಿ ಆರಿತು. ಅವತ್ತು ಆ ನೀರನ್ನು ಯಾರೂ ಮುಟ್ಟಲಿಲ್ಲ.